ಅದೇ ಕೆರೆಗೆ ಮತ್ತೆ ಮತ್ತೆ ಯಾಕೆ ಹೋಗ್ತೀರಾ ಅನ್ನೋರಿಗೆ

ಫೋಟೋ ತೆಗೆಯೋ ಹವ್ಯಾಸ ಇದೆ ಅಂತ ಗೊತ್ತಾದ ತಕ್ಷಣ ಯಾರೇ ಆಗ್ಲಿ ಮೊದಲು ಕೇಳೋದು ಯಾವ ಕ್ಯಾಮೆರಾ ಅಂತ. ಅದಕ್ಕೆ ಉತ್ತರ ಸುಲಭ, ಕ್ಯಾನನ್‌ದು ಒಂದು ಹಳೇ ಡಿಎಸ್ಎಲ್ಆರ್, ಅದಕ್ಕೊಂದು 70-300 ಎಂಎಂ ಜೂಮ್ ಲೆನ್ಸು, ಮುಗೀತು. ಆದ್ರೆ ಸ್ವಲ್ಪ ಪರಿಚಯ ಆದಮೇಲೆ ಕೇಳೋ ಪ್ರಶ್ನೆ ಬೇರೆ. "ಮೇಡಂ, ಭಾನುವಾರ ಬಂದ್ರೆ ಸಾಕು ಕುಕ್ಕರಹಳ್ಳಿ ಕೆರೆಗೇ ಹೋಗ್ತೀರಲ್ಲ, ಅದೇ ನೀರು ಅದೇ ಹಕ್ಕಿ, ಬೇಜಾರಾಗಲ್ವಾ? ಒಂದ್ಸಲ ಕಬಿನಿಗೋ ದಾಂಡೇಲಿಗೋ ಹೋಗಿ ಬರಬಾರದಾ?" ಆಫೀಸಲ್ಲಿ ಕೇಳ್ತಾರೆ, ಕೆರೆ ಏರಿ ಮೇಲೆ ವಾಕಿಂಗ್ ಬರೋ ಹಿರಿಯರು "ಏನಮ್ಮಾ, ಇನ್ನೂ ಮುಗೀಲಿಲ್ವಾ ಇಲ್ಲಿ ತೆಗೆಯೋದು" ಅಂತ ಕೇಳ್ತಾರೆ, ನಮ್ಮ ನಾದಿನಿ ಬೆಂಗಳೂರಿಂದ ಬಂದಾಗಲೆಲ್ಲ ಕೇಳ್ತಾಳೆ. ದಾರೀಲಿ ನಿಂತ್ಕೊಂಡು ಎರಡು ಮಾತಲ್ಲಿ ಹೇಳೋ ವಿಷಯ ಅಲ್ಲ ಇದು, ಅದಕ್ಕೇ ಕೂತು ಬರೀತಿದ್ದೀನಿ.

ಬೇಜಾರಾಗಲ್ಲ. ಯಾಕಂದ್ರೆ ಫೋಟೋ ಅನ್ನೋದು ಬೆಳಕು, ಗಾಳಿ, ಹಕ್ಕಿ ಅಭ್ಯಾಸ ಈ ಮೂರೂ ಒಂದೇ ಕಡೆ ಸೇರಿದಾಗ ಆಗೋದು, ಅವು ಎಲ್ಲಿ ಯಾವಾಗ ಸೇರ್ತವೆ ಅಂತ ಗೊತ್ತಾಗಬೇಕಾದ್ರೆ ಒಂದೇ ಜಾಗಕ್ಕೆ ವರ್ಷಗಟ್ಟಲೆ ಹೋಗಲೇಬೇಕು, ಬೇರೆ ದಾರಿ ನನಗಂತೂ ಸಿಕ್ಕಿಲ್ಲ.

ಮೈಸೂರಿನವರಿಗೆ ಹೇಳೋದೇ ಬೇಡ, ಹೊರಗಿನವರಿಗೆ ಹೇಳಬೇಕಂದ್ರೆ ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಊರಾಚೆ ಜಮೀನಿಗೆ ನೀರು ಕೊಡೋಕೆ ಅಂತ ಕಟ್ಟಿಸಿದ್ದು, ಈಗ ಊರು ಬೆಳೆದು ಬೆಳೆದು ಕೆರೆ ಊರೊಳಗೇ ಬಂದಿದೆ. ಸುತ್ತು ಹಾಕಿದ್ರೆ ಸುಮಾರು 5 ಕಿಲೋಮೀಟರ್. ಪಕ್ಕದಲ್ಲೇ ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿ, ಆ ಕ್ಯಾಂಪಸ್ ಕಟ್ಟಿದ ಕುವೆಂಪು ಇದೇ ಕೆರೆ ದಂಡೇಲಿ ನಡೀತಿದ್ರು. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಮಿಂಚುಳ್ಳಿ ಎಲ್ಲಾ ಇಲ್ಲಿ ಸಿಗ್ತವೆ, ಹತ್ತು ಹೆಜ್ಜೆ ಆಚೆ ಜನ ಜೋರಾಗಿ ಷೇರು ಮಾರ್ಕೆಟ್ ಮಾತಾಡ್ಕೊಂಡು ವಾಕಿಂಗ್ ಹೋಗ್ತಿರ್ತಾರೆ. ಪೇಟೆ ಮಧ್ಯ ಇಂಥದ್ದೊಂದು ಉಳ್ಕೊಂಡಿರೋದು ನಮ್ಮ ಪುಣ್ಯ ಅಂತಲೇ ನಾನು ಹೇಳೋದು.

ಮೊದಲು ಬೆಳಕಿನ ವಿಷಯ. ಸೂರ್ಯ ದಿನಾ ಪೂರ್ವಕ್ಕೇ ಹುಟ್ತಾನೆ ಅಂತ ಸ್ಕೂಲಲ್ಲಿ ಕಲಿತಿರ್ತೀವಿ, ಆದ್ರೆ ಒಂದೇ ಜಾಗದಲ್ಲಿ ವರ್ಷಪೂರ್ತಿ ನಿಂತು ನೋಡಿದ್ರೆ ಅವನು ಎಷ್ಟು ಓಡಾಡ್ತಾನೆ ಅಂತ ಗೊತ್ತಾಗುತ್ತೆ. ಜೂನಲ್ಲಿ ಹುಟ್ಟೋ ಜಾಗಕ್ಕೂ ಡಿಸೆಂಬರಲ್ಲಿ ಹುಟ್ಟೋ ಜಾಗಕ್ಕೂ ನಮ್ಮ ಮೈಸೂರಲ್ಲಿ ಹತ್ತತ್ರ 50 ಡಿಗ್ರಿ ವ್ಯತ್ಯಾಸ. ಯೂನಿವರ್ಸಿಟಿ ಕಡೆ ದಂಡೇಲಿ ನಿಂತ್ರೆ ದೂರದಲ್ಲಿ ಚಾಮುಂಡಿ ಬೆಟ್ಟ ಕಾಣುತ್ತಲ್ಲ, ಮಳೆಗಾಲ ಶುರುವಾಗೋ ಹೊತ್ತಿಗೆ ಸೂರ್ಯ ಬೆಟ್ಟದಿಂದ ಎಷ್ಟೋ ಎಡಕ್ಕೆ ಹುಟ್ಟಿರ್ತಾನೆ, ಆಮೇಲೆ ವಾರ ವಾರ ಸರೀತಾ ಸರೀತಾ ಧನುರ್ಮಾಸದ ಹೊತ್ತಿಗೆ ಬೆಟ್ಟದ ಕಡೆ ವಾಲಿರ್ತಾನೆ. ಬೆಟ್ಟದ ಮೇಲೆ ಬರೋ ಕೆಂಪು, ಕೆಳಗೆ ನೀರಿನ ಮೇಲೆ ಮಂಜು, ಮಧ್ಯದಲ್ಲಿ ಹೆಜ್ಜಾರ್ಲೆ ಸಾಲು, ಇದು ವರ್ಷದಲ್ಲಿ ಕೆಲವೇ ವಾರ ಸಿಗೋ ಚಿತ್ರ. ಆ ಮಂಜು ಕೂಡ ಸುಮ್ಮನೆ ಬರಲ್ಲ, ರಾತ್ರಿ ಆಕಾಶ ಖಾಲಿ ಇದ್ದು ಗಾಳಿ ನಿಂತಿದ್ದು ನೀರಿಗಿಂತ ಹವಾ ತಣ್ಣಗಿದ್ರೆ ಮಾತ್ರ ನೀರಿಂದ ಹೊಗೆ ಏಳುತ್ತೆ, ಹಿಂದಿನ ರಾತ್ರಿ ತಾರಸಿಗೆ ಹೋಗಿ ನಕ್ಷತ್ರ ಚೆನ್ನಾಗಿ ಕಾಣ್ತಿದ್ರೆ ನಾನು ಅಲಾರಂ ಅರ್ಧ ಗಂಟೆ ಮುಂಚೆಗೇ ಇಡ್ತೀನಿ.

ಇನ್ನೊಂದು, ಬೆಳಗಿನ ಚಿನ್ನದ ಬೆಳಕು ಅಂತ ಎಲ್ಲಾ ಕಡೆ ಬರೆದಿರ್ತಾರೆ, ಯೂಟ್ಯೂಬಲ್ಲಿ ಯುರೋಪಿನವರು ಆರಾಮಾಗಿ ಕಾಫಿ ಕುಡ್ಕೊಂಡು ಆ ಬೆಳಕಲ್ಲಿ ತೆಗೀತಿರ್ತಾರೆ. ನಮ್ಮಲ್ಲಿ ಸೂರ್ಯ ನೆಟ್ಟಗೆ ಮೇಲೇಳ್ತಾನೆ, ಅಲ್ಲಿ ಥರ ಓರೆಯಾಗಿ ನಿಧಾನಕ್ಕೆ ಅಲ್ಲ. ಹುಟ್ಟಿ ಮುಕ್ಕಾಲು ಗಂಟೆ, ಹೆಚ್ಚಂದ್ರೆ ಒಂದು ಗಂಟೆ, ಅಷ್ಟರಲ್ಲಿ ಆ ಹಳದಿ ಹೋಗಿ ಬಿಳಿ ಬೆಳಕು ಬಂದುಬಿಡುತ್ತೆ, ಏಪ್ರಿಲ್ ಕೊನೇ ಭಾಗದಲ್ಲಂತೂ ಮಧ್ಯಾಹ್ನ ಸೂರ್ಯ ನೇರ ತಲೆ ಮೇಲೆ ಬಂದು ನಿಂತು ನೆರಳೇ ಬೀಳದ ದಿನ ಇರುತ್ತೆ ಮೈಸೂರಲ್ಲಿ. ಹೀಗಾಗಿ ಆ ಒಂದು ಗಂಟೇಲಿ ಎಲ್ಲಿ ನಿಲ್ಲಬೇಕು ಅಂತ ಹುಡುಕ್ತಾ ಕೂತ್ರೆ ಆಗಲ್ಲ, ಮೊದಲೇ ಗೊತ್ತಿರಬೇಕು. ಹೊಸ ಜಾಗಕ್ಕೆ ಹೋದಾಗ ಆ ಗಂಟೆ ಪೂರ್ತಿ ಜಾಗ ಹುಡುಕೋದ್ರಲ್ಲೇ ಹೋಗುತ್ತೆ. ಜನವರಿ ಕೊನೇಲಿ ಸೂರ್ಯ ಹುಟ್ಟೋದು 6.50ರ ಹತ್ತತ್ರ, ಜೂನ್ ಶುರುವಲ್ಲಿ 6ಕ್ಕೂ ಸ್ವಲ್ಪ ಮೊದಲೇ, ಅದರ ಮೇಲೆ ನಮ್ಮನೇಲಿ ಶನಿವಾರ ರಾತ್ರಿ ಊಟದ ಟೈಮೂ ಬದಲಾಗುತ್ತೆ, ಮನೆಯವರಿಗೆಲ್ಲ ಈಗ ಅಭ್ಯಾಸ ಆಗಿದೆ.

ಇನ್ನು ಗಾಳಿ. ಇದನ್ನ ಯಾರೂ ಹೇಳ್ಕೊಡಲ್ಲ ನೋಡಿ, ನನಗೆ ಫೋಟೋಗ್ರಫೀಲಿ ಅತಿ ಇಷ್ಟವಾದ ವಿಷಯ ಇದೇ. ದೊಡ್ಡ ಹಕ್ಕಿಗಳು ಏಳೋದೂ ಇಳಿಯೋದೂ ಗಾಳಿಗೆ ಎದುರಾಗಿ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದ್ರೆ ತುದಿಯಿಂದ ತುದಿಗೆ 2 ಮೀಟರಿಗಿಂತ ಜಾಸ್ತಿ, ಅಷ್ಟು ಭಾರದ ಮೈ ಎತ್ತೋಕೆ ಅದಕ್ಕೆ ಎದುರುಗಾಳಿ ಬೇಕು, ಎರಡೂ ಕಾಲಲ್ಲಿ ನೀರನ್ನ ಒದ್ದು ಒದ್ದು ಓಡಿ ಆಮೇಲೆ ಮೇಲೇಳುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮದಿಂದ ಬೀಸುತ್ತೆ, ಆಗ ಹಕ್ಕಿ ಮುಖ ಪಶ್ಚಿಮಕ್ಕೆ, ಬೆಳಗಿನ ಬಿಸಿಲು ಬೀಳೋದು ಅದರ ಬಾಲಕ್ಕೆ. ಎದುರಿಗೆ ನಿಂತ್ರೆ ಮುಖ ಕತ್ತಲು, ಹಿಂದೆ ನಿಂತ್ರೆ ಬೆನ್ನು. ನವೆಂಬರ್ ಹೊತ್ತಿಗೆ ಗಾಳಿ ತಿರುಗಿ ಈಶಾನ್ಯದಿಂದ ಬರೋಕೆ ಶುರುವಾದ್ರೆ ಹಕ್ಕಿನೂ ಪೂರ್ವಕ್ಕೆ ಮುಖ ಮಾಡುತ್ತೆ, ಬಿಸಿಲೂ ಪೂರ್ವದಿಂದಲೇ. ನಾನು ಪೂರ್ವದ ದಂಡೇಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತ್ರೆ ಹೆಜ್ಜಾರ್ಲೆ ನೇರ ನನ್ನ ಕಡೆಗೇ ಇಳೀತಾ ಬರುತ್ತೆ, ಕೊಕ್ಕಿನ ಮೇಲಿನ ಚುಕ್ಕೆ, ಕೆಳಗೆ ಜೋತಾಡೋ ಚೀಲದ ಗೆರೆಗಳು, ಮುಂದಕ್ಕೆ ಚಾಚಿದ ಪಾದಗಳ ಮಧ್ಯದ ಪೊರೆ, ಎಲ್ಲಾ ಬೆಳಕಲ್ಲಿ. ಅದೇ ಕೆರೆ, ಅದೇ ಹಕ್ಕಿ, ಆದ್ರೆ ಆಗಸ್ಟಿನ ಫೋಟೋನೂ ಡಿಸೆಂಬರಿನ ಫೋಟೋನೂ ಪಕ್ಕಪಕ್ಕ ಇಟ್ರೆ ಬೇರೆ ಬೇರೆ ಊರಲ್ಲಿ ತೆಗೆದ ಹಾಗಿರುತ್ತೆ.

ಹಾವಕ್ಕಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಸಹಿಸ್ಕೊಳ್ಳಿ. ಮೈ ಪೂರ್ತಿ ನೀರೊಳಗೆ, ಉದ್ದ ಕತ್ತು ಮಾತ್ರ ಹೊರಗೆ, ಆ ಕತ್ತೂ ಆಮೇಲೆ ಸದ್ದಿಲ್ಲದೆ ಒಳಗೆ ಹೋಗುತ್ತೆ. ಚೂಪು ಕೊಕ್ಕಿಂದ ಮೀನನ್ನ ಚುಚ್ಚಿ ಮೇಲೆ ಬರುತ್ತೆ, ಚುಚ್ಚಿರೋ ಮೀನನ್ನ ಹಾಗೇ ನುಂಗೋಕಾಗಲ್ಲ, ಕತ್ತು ಕೊಡವಿ ಮೀನನ್ನ ಗಾಳಿಗೆ ಎಸೆದು ತಲೆ ಕಡೆಯಿಂದ ಬಾಯಿಗೆ ಬೀಳೋ ಹಾಗೆ ಹಿಡಿಯುತ್ತೆ. ಮೀನು ಗಾಳೀಲಿರೋ ಆ ಒಂದು ಕ್ಷಣ ಬೇಕು ಅಂದ್ರೆ ಷಟರ್ ತೆರೆದು ಮುಚ್ಚೋ ಹೊತ್ತು ಸೆಕೆಂಡಿನ 1/2000 ಆದ್ರೂ ಇರಬೇಕು, ನನ್ನ ಲೆನ್ಸಿನ ಕಿಂಡಿ 300ರಲ್ಲಿ ಎಫ್ 5.6ಕ್ಕಿಂತ ಅಗಲವಾಗಿ ತೆರೆಯಲ್ಲ, ಹಾಗಾಗಿ ಬೆಳಗ್ಗೆ ಬೇಗ ಐಎಸ್ಒ, ಅಂದ್ರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸೋ ಮಟ್ಟ, 1600, 3200ಕ್ಕೆ ಹೋಗಲೇಬೇಕು, ಸ್ವಲ್ಪ ಗ್ರೇನ್ ಬಂದ್ರೆ ಬರಲಿ, ಮೀನಿನ ಕಣ್ಣು ಶಾರ್ಪ್ ಇದ್ರೆ ಸಾಕು. ಆದ್ರೆ ಸೆಟಿಂಗ್ ಎಷ್ಟು ಸರಿ ಇದ್ರೂ ಕ್ಯಾಮೆರಾ ಆ ಕಡೆ ತಿರುಗಿರಬೇಕಲ್ಲ! ಹಾವಕ್ಕಿಗೆ ಅದರದ್ದೇ ಒಂದು ಒಣಗಿದ ಕೊಂಬೆ ಇರುತ್ತೆ. ತಿಂದಾದ ಮೇಲೆ ಅಲ್ಲಿಗೇ ಬಂದು ರೆಕ್ಕೆ ಬಿಚ್ಚಿ ಬೆನ್ನು ಬಿಸಿಲಿಗೆ ಕೊಟ್ಟು ಕೂರುತ್ತೆ, ಅದರ ಗರಿ ನೀರು ಹೀರ್ಕೊಳ್ಳೋ ಥರದ್ದು, ಒಣಗಿಸ್ಕೊಳ್ಳಲೇಬೇಕು. ಬೆನ್ನು ಬಿಸಿಲಿಗೆ ಕೊಡುತ್ತೆ ಅಂತ ಗೊತ್ತಿದ್ರೆ ಸೂರ್ಯ ನನ್ನ ಹಿಂದೆ ಇರೋ ಹಾಗೆ ನಿಂತ್ಕೊಳ್ತೀನಿ, ಆಗ ಕರೀ ಬೆನ್ನಿನ ಮೇಲಿನ ಬೆಳ್ಳಿ ಗೆರೆಗಳು ರೇಷ್ಮೆ ಸೀರೆ ಜರಿ ಥರ ಹೊಳೀತವೆ. ಕೊಂಬೆ ಎಲ್ಲಿದೆ ಅಂತ ಗೊತ್ತಿರೋದ್ರಿಂದ ಅದರ ಸುತ್ತಮುತ್ತಲ ನೀರಿನ ಮೇಲೇ ಕಣ್ಣಿಟ್ಟಿರ್ತೀನಿ, ಮೀನು ಎಸೆಯೋ ಫೋಟೋ ನನಗೆ ಸಿಕ್ಕಿರೋದು ಹಾಗೇನೇ.

ಬೆಳ್ಳಕ್ಕಿದೂ ಒಂದು ವಿಷಯ ಇದೆ, ಹೊಸಬರು ಎಲ್ಲರೂ ಕೇಳ್ತಾರೆ, ಬಿಳಿ ಹಕ್ಕಿ ತೆಗೆದ್ರೆ ಗರಿನೇ ಕಾಣ್ದೆ ಬಿಳಿ ಕಾಗದದ ತುಂಡಿನ ಹಾಗೆ ಯಾಕೆ ಬರುತ್ತೆ ಅಂತ. ಕಪ್ಪು ನೀರಿನ ಮಧ್ಯ ಸಣ್ಣ ಬಿಳಿ ಹಕ್ಕಿ ಇದ್ರೆ ಕ್ಯಾಮೆರಾ ಆ ಕಪ್ಪನ್ನ ನೋಡಿ ಬೆಳಕು ಕಮ್ಮಿ ಇದೆ ಅಂತ ಎಕ್ಸ್‌ಪೋಷರ್ ಜಾಸ್ತಿ ಮಾಡುತ್ತೆ, ನೀವು ಎಕ್ಸ್‌ಪೋಷರ್ ಕಾಂಪನ್ಸೇಷನ್ ಮೈನಸ್ ಒಂದಕ್ಕೆ ಇಳಿಸಿ, ಗರಿ ಒಂದೊಂದೂ ವಾಪಸ್ ಬರುತ್ತೆ.

ಕಬಿನಿ ಬಗ್ಗೆ. ಹೋಗಿದ್ದೀನಿ, ಚೆನ್ನಾಗಿದೆ, ಹೋಗೋರನ್ನ ತಡೆಯೋಳೂ ಅಲ್ಲ. ಆದ್ರೆ ಸಫಾರಿ ಜೀಪು ಎಲ್ಲಿ ನಿಲ್ಲುತ್ತೋ ಅಲ್ಲಿಂದಲೇ ತೆಗೀಬೇಕು, ಬೆಳಕು ಯಾವ ಕಡೆ ಇದ್ರೂ ಅಷ್ಟೇ, ಮುಂದೆ ಎರಡು ಜೀಪು ಇದ್ರೂ ಅಷ್ಟೇ. ಪ್ರಾಣಿ ನೋಡಿದ ಖುಷಿ ಖಂಡಿತ ಇರುತ್ತೆ, ಫೋಟೋ ನಾನು ತೆಗೆದೆ ಅನ್ನೋ ಖುಷಿ ನನಗೆ ಅಲ್ಲಿ ಕಮ್ಮಿ. ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲೇ ಎಷ್ಟೊಂದು ಹಕ್ಕಿ ಫೋಟೋ ತೆಗೆದ್ರು, ಅದೂ ಫಿಲ್ಮ್ ಕಾಲದಲ್ಲಿ, ಒಂದು ರೋಲಿಗೆ 36 ಫೋಟೋ, ತೊಳೆಸಿ ತರೋವರೆಗೆ ಬಂದಿದ್ಯೋ ಇಲ್ವೋ ಗೊತ್ತಿಲ್ಲ. ಅವರ ಚಿತ್ರಗಳಲ್ಲಿ ಹಕ್ಕಿ ತನ್ನ ಪಾಡಿಗೆ ತಾನಿರುತ್ತೆ, ಕ್ಯಾಮೆರಾ ನೋಡಿ ಹೆದರಿದ ಹಾಗೆ ಇರಲ್ಲ. ತೋಟದಲ್ಲೇ ಬದುಕಿದವರಿಗೆ ಮಾತ್ರ ಸಿಗೋ ಸಲಿಗೆ ಅದು ಅಂತ ನನಗನ್ಸುತ್ತೆ.

ದಿನನಿತ್ಯದ ಮಾತೂ ಹೇಳ್ಬೇಕು. ಸೋಮವಾರದಿಂದ ಶುಕ್ರವಾರ ಕೆಲಸ, ಮನೆ, ಮಗಳ ಪರೀಕ್ಷೆ, ಅತ್ತೆಯವರ ಬಿಪಿ ಮಾತ್ರೆ. ನನಗೆ ಅಂತ ಸಿಗೋದು ಭಾನುವಾರ ಬೆಳಗ್ಗೆ ಒಂದು ಮೂರು ಗಂಟೆ ಹೊತ್ತು. ಗಾಡೀಲಿ ಹತ್ತು ನಿಮಿಷದ ದಾರಿ, ಒಂಬತ್ತೂವರೆಗೆ ಮನೆ ಸೇರಿದ್ರೆ ದೋಸೆ ಹೆಂಚು ಇನ್ನೂ ಬಿಸಿ ಇರುತ್ತೆ. ಹವ್ಯಾಸ ಅಂದ್ರೆ ರಜೆ ಹಾಕಿ, ಸಾಲ ಮಾಡಿ, ಮನೆಯವರ ಹತ್ರ ಅನುಮತಿ ಕೇಳ್ಕೊಂಡು ಹೋಗೋದು ಆಗಿದ್ರೆ ನನ್ನಂಥವರು ಎಷ್ಟೋ ಜನ ಯಾವತ್ತೋ ಬಿಟ್ಟಿರ್ತಿದ್ರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪಿಗೆ ಹಾಕಿ ನೋಡೋದು, ಕಣ್ಣಿಗೆ ಫೋಕಸ್ ಇಲ್ಲದ್ದೆಲ್ಲ ಡಿಲೀಟ್, ಕೊನೆಗೆ ಉಳಿಯೋದು ನಾಲ್ಕೋ ಐದೋ. ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಬರದ ಹಾಗೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಾದಲ್ಲಿ ತೇವ ಹೀರೋ ಸಿಲಿಕಾ ಜೆಲ್ ಹರಳು ಹಾಕಿ ಇಡ್ತೀನಿ, ಆ ಹರಳು ಬಣ್ಣ ತಿರುಗಿದ್ರೆ ಬಾಣಲೇಲಿ ಸಣ್ಣ ಉರೀಲಿ ಬಿಸಿ ಮಾಡಿ ವಾಪಸ್ ಹಾಕೋದು, ಆ ಬಾಣಲೆ ಅಡಿಗೆಗೆ ಬಳಸಬೇಡಿ ಮತ್ತೆ.

ಮತ್ತೆ ಜನ. ಒಂದೇ ಜಾಗಕ್ಕೆ ಹೋಗೋದ್ರಿಂದ ಸಿಗೋ ದೊಡ್ಡ ಲಾಭ ಇದು. ಕೆರೆ ಹತ್ರ ಗುಡಿಸೋ ಅಮ್ಮ ಒಬ್ಬರಿದ್ದಾರೆ, "ನಿನ್ನೆ ಸಾಯಂಕಾಲ ಆ ಮೂಲೇಲಿ ನೀಲಿ ಹಕ್ಕಿ ಜೋಡಿ ಬಂದಿತ್ತು ಕಣವ್ವ" ಅಂತ ಅವರೇ ಕರೆದು ಹೇಳ್ತಾರೆ, ಅವರು ತೋರಿಸಿದ ಮೂಲೇಲಿ ಮಿಂಚುಳ್ಳಿ ಸಿಕ್ಕೇ ಸಿಗುತ್ತೆ. ಅವರ ಫೋಟೋನೂ ತೆಗೆದು, ಪ್ರಿಂಟ್ ಹಾಕಿಸಿ ಕೊಟ್ಟಿದ್ದೀನಿ, ಬೆಳಗಿನ ಬಿಸಿಲಲ್ಲಿ ಪೊರಕೆ ಹಿಡಿದು ಧೂಳಿನ ಮಧ್ಯ ನಿಂತಿರೋದು, ನನ್ನ ಹಕ್ಕಿ ಫೋಟೋಗಳಿಗಿಂತ ಅದೇ ಚೆನ್ನಾಗಿದೆ ಅಂತ ಮಗಳ ತೀರ್ಪು, ನನಗೂ ಹೌದು ಅನ್ಸುತ್ತೆ. ಪ್ರಿಂಟ್ ಹಾಕಿಸಿ ಅಂತ ಎಲ್ಲರಿಗೂ ಹೇಳ್ತೀನಿ, ಫೋನಲ್ಲಿದ್ರೆ ನಾಲ್ಕು ದಿನ, ಗೋಡೆ ಮೇಲಿದ್ರೆ ಮನೆಗೆ ಬಂದವರು ನಿಂತು ನೋಡ್ತಾರೆ.

ಒಂದು ವಿಷಯ ಮಾತ್ರ ಕಟ್ಟುನಿಟ್ಟಾಗಿ ಹೇಳ್ತೀನಿ. ಹಾರೋ ಫೋಟೋ ಬೇಕು ಅಂತ ಕಲ್ಲೆಸೆದು ಹಕ್ಕಿ ಎಬ್ಬಿಸೋರನ್ನ ಕಂಡ್ರೆ ನನಗೆ ಸಂಕಟ ಆಗುತ್ತೆ, ಕೋಪನೂ ಬರುತ್ತೆ. ಮೈ ಒಣಗಿಸ್ಕೊಳ್ತಿರೋ, ಮರಿಗೆ ಗುಟುಕು ಕೊಡ್ತಿರೋ ಹಕ್ಕಿನ ಎಬ್ಬಿಸಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಮನೆ ಹಿತ್ತಲ ಮರದ ಮೇಲೇ ಗೂಡು ಕಟ್ತವೆ, ಆ ಊರಿನವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಅವನ್ನ ನೋಡ್ಕೊಳ್ತಾರೆ. ಕೈಯಲ್ಲಿ ಕ್ಯಾಮೆರಾ ಹಿಡಿದ ನಾವು ಅಷ್ಟಾದ್ರೂ ಮರ್ಯಾದೆ ಕೊಡಬೇಕಲ್ವಾ?

ಇದನ್ನೆಲ್ಲ ಕೇಳಿದ ಮೇಲೆ ಕೆಲವರು "ನಾವೂ ಒಂದಿನ ಬರಬಹುದಾ" ಅಂತಾರೆ. ಖಂಡಿತ ಬನ್ನಿ. ಗಾಳಿ ಈಗ ತಿರುಗಿದೆ, ಇನ್ನು ಜನವರಿವರೆಗೂ ನಾನು ಭಾನುವಾರ ಪೂರ್ವದ ದಂಡೇಲೇ ಇರ್ತೀನಿ. ಆರು ಗಂಟೆಗೆಲ್ಲ ಬಂದ್ಬಿಡಿ, ಬಿಳಿ ಅಂಗಿ ಬೇಡ, ಮಣ್ಣಿನ ಬಣ್ಣದ್ದು ಯಾವುದಾದ್ರೂ ಹಾಕ್ಕೊಳ್ಳಿ, ಫೋನ್ ಸೈಲೆಂಟಲ್ಲಿಡಿ. ಕ್ಯಾಮೆರಾ ಇಲ್ದಿದ್ರೂ ಪರ್ವಾಗಿಲ್ಲ, ನನ್ನ ಹತ್ರ ಒಂದು ಬೈನಾಕ್ಯುಲರ್ ಇದೆ, ಫ್ಲಾಸ್ಕಲ್ಲಿ ಇಬ್ಬರಿಗಾಗೋಷ್ಟು ಕಾಫಿನೂ ಇರುತ್ತೆ.