ಕ್ಯಾಶ್‌ಬುಕ್ ಬರೆಯುವ ಹುಡುಗಿಗೆ ಮದುವೆ ಗೊತ್ತಾದಾಗ

ನಾನು ಲೆಕ್ಕದವಳು. ಕೊಪ್ಪಳ, ರಾಯಚೂರು ಕಡೆಯ ಸಣ್ಣಪುಟ್ಟ ಸಂಸ್ಥೆಗಳಿಗೆ ವೋಚರ್ (ಖರ್ಚಿನ ಚೀಟಿ) ಜೋಡಿಸಿಕೊಡುವುದು, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಏರಿಸುವುದು, ಆಡಿಟರ್ ಮುಂದೆ ಫೈಲು ಹಿಡಿದು ಕೂರುವುದು ನನ್ನ ಕೆಲಸ. ಭಾಷಣ ಮಾಡುವವರು ಬೇರೆ, ಜಾಥಾ ಹೋಗುವವರು ಬೇರೆ. ಅವರು ಕುಡಿದ ಚಹಾದ ಬಿಲ್ಲು ಮಾತ್ರ ಕೊನೆಗೆ ನನ್ನ ಟೇಬಲ್ಲಿಗೇ ಬರುತ್ತದೆ. ಹಾಗಾಗಿ 'ಯುವಜನರ ಸಾಮರ್ಥ್ಯ ವರ್ಧನೆಗೆ ಅನುದಾನ' ಅಂತ ಯಾವ ಪ್ರಕಟಣೆ ಬಂದರೂ ನಾನು ಮೊದಲು ತೆಗೆಯುವುದು ಬಜೆಟ್ ಹಾಳೆಯನ್ನು. ಧ್ಯೇಯ, ಉದ್ದೇಶ ಎಲ್ಲ ಆಮೇಲೆ.

ಈಚೆಗೆ ಬಂದ ಅಂಥದ್ದೊಂದು ಹಾಳೆಯಲ್ಲಿ ಏನಿತ್ತು ಅಂದರೆ: ಎರಡು ದಿನದ ವಸತಿ ತರಬೇತಿ, ಸಂಪನ್ಮೂಲ ವ್ಯಕ್ತಿಗಳ ಗೌರವಧನ, ಅವರ ಓಡಾಟದ ಖರ್ಚು, ಹಾಲ್ ಬಾಡಿಗೆ, ಬ್ಯಾಗು, ಪೆನ್ನು, ಪ್ಯಾಡು, ಬ್ಯಾನರ್, ಫೋಟೊ, ವರದಿ ಮುದ್ರಣ. ಯಾರ ಸಾಮರ್ಥ್ಯ ಹೆಚ್ಚಿಸಬೇಕೋ ಆ ಹುಡುಗಿಯರ ಪಾಲಿಗೆ ಬಂದಿದ್ದು ಊಟ ಮತ್ತು ಆ ಬ್ಯಾಗು. ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: 'ಸಂಬಳ, ಬಾಡಿಗೆಗೆ ಅವಕಾಶವಿಲ್ಲ.'

ಈ ಹಾಳೆ ಬಂದಿದ್ದು ಕುಷ್ಟಗಿ ಕಡೆಯ ಒಂದು ಗುಂಪಿಗೆ. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಕೆಲವರು ಡಿಗ್ರಿ ಓದುತ್ತಾರೆ, ಒಬ್ಬಳು ಹೊಲಿಗೆ ಮಾಡುತ್ತಾಳೆ, ಇನ್ನು ಕೆಲವರು ಸೀಸನ್ ಬಂದರೆ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಕೈಯಿಂದ ಹೂವಿಗೆ ಪರಾಗ ಹಚ್ಚುವುದಕ್ಕೆ, ಹೋಗುತ್ತಾರೆ. ಊರಲ್ಲಿ ಯಾರದಾದರೂ ಮನೆಯಲ್ಲಿ ಹದಿನಾರರ ಹುಡುಗಿಗೆ ಗಂಡು ನೋಡುತ್ತಿದ್ದಾರೆ ಅಂತ ಗೊತ್ತಾದರೆ ಇವರು ಮೊದಲು ಅವಳ ಅವ್ವನ ಹತ್ತಿರ ಹೋಗಿ ಕೂರುತ್ತಾರೆ. ಕೇಳಲಿಲ್ಲ ಅಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್, ಆಮೇಲೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸು. ಕಾಲೇಜು ಬಿಡುವ ಹೊತ್ತಿಗೆ ಬಸ್ ಬೇಕು ಅಂತ ಡಿಪೊ ಮ್ಯಾನೇಜರ್ ಮುಂದೆ ಅರ್ಜಿ ಹಿಡಿದು ನಿಂತವರೂ ಇವರೇ. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ನಂತರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಅನ್ನುವುದು ಇವರಿಗೆ ಬಾಯಿಪಾಠ. ನನಗೇ ಅದನ್ನು ಹೇಳಿಕೊಟ್ಟವರು ಇವರು. ಕಾನೂನು ಅಷ್ಟು ಗಟ್ಟಿಯಿದ್ದರೂ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 21ಕ್ಕೂ ಹೆಚ್ಚು ಜನರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಅಂದರೆ ಕೆಲಸ ಸಾಕಷ್ಟಿದೆ. ಆ ಕೆಲಸ ಹೇಗೆ ಮಾಡಬೇಕು ಅನ್ನುವುದೂ ಇವರಿಗೆ ಗೊತ್ತಿದೆ.

ಹಾಗಾದರೆ ಇವರಿಗೆ ಏನು ಬರುವುದಿಲ್ಲ? ಲೆಕ್ಕ ಬರುವುದಿಲ್ಲ ಅಂತ ಫಂಡರ್‌ಗಳು ಹೇಳುತ್ತಾರೆ. ಅದೂ ಪೂರ್ತಿ ನಿಜವಲ್ಲ. ಮನೆ ಸಂತೆ ಮಾಡಿ ಬಂದು ಚಿಲ್ಲರೆ ಸಮೇತ ಲೆಕ್ಕ ಒಪ್ಪಿಸುವ ಹುಡುಗಿಯರಿಗೆ ಕ್ಯಾಶ್‌ಬುಕ್ ಕಲಿಸಲು ಒಂದು ಮಧ್ಯಾಹ್ನ ಸಾಕು. ಎಡಗಡೆ ಬಂದಿದ್ದು, ಬಲಗಡೆ ಹೋಗಿದ್ದು, ಸಂಜೆಗೆ ಡಬ್ಬಿಯಲ್ಲಿರುವ ದುಡ್ಡು ಪುಸ್ತಕಕ್ಕೆ ತಾಳೆಯಾಗಬೇಕು. ಅಷ್ಟೇ ತಾನೇ? ತೊಡಕು ಶುರುವಾಗುವುದು ವೋಚರ್‌ನಲ್ಲಿ.

"ಅಕ್ಕಾ, ಟಂಟಂನಾಂವ ಬಿಲ್ ಎಲ್ಲಿ ಕೊಡ್ತಾನ್ರೀ?" ಅಂತ ಒಬ್ಬಳು ಕೇಳಿದಳು. ಟಂಟಂ ಅಂದರೆ ಹಳ್ಳಿಗಳಿಗೆ ಓಡುವ ಬಾಡಿಗೆ ಆಟೊ. ನ್ಯಾಯವಾದ ಪ್ರಶ್ನೆ. ಬಸ್ಸಿಗಾದರೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಇವರಿಗೆ ಖರ್ಚೇ ಇಲ್ಲ. ಬಜೆಟ್‌ನಲ್ಲಿ ಬಸ್ ಚಾರ್ಜ್ ಅಂತ ಇಟ್ಟ ದುಡ್ಡು ಹಾಗೇ ಉಳಿಯುತ್ತದೆ, ಕೈಯಲ್ಲಿ ಶೂನ್ಯ ಟಿಕೆಟ್ಟಿನ ಕಟ್ಟು ಇರುತ್ತದೆ. ಆದರೆ ಬಸ್ಸು ಹೋಗದ ತಾಂಡಾಗಳಿವೆ, ಬಸ್ಸು ನಿಂತಮೇಲೆ ಬರುವ ಫೋನ್‌ಗಳಿವೆ. ಅಲ್ಲಿಗೆ ಟಂಟಂ ಬೇಕು. ಅವನ ಹತ್ತಿರ ಬಿಲ್ ಬುಕ್ ಇಲ್ಲ. ಅದಕ್ಕೆ ನಾವೇ ವೋಚರ್ ಬರೆದು, ಎಲ್ಲಿಂದ ಎಲ್ಲಿಗೆ, ಯಾಕೆ, ಎಷ್ಟು ಅಂತ ತುಂಬಿ, ಅವನ ಸಹಿ ಹಾಕಿಸಿಕೊಳ್ಳಬೇಕು. ನಗದು ತೆಗೆದುಕೊಂಡವರ ರಸೀದಿ ಐದು ಸಾವಿರ ದಾಟಿದರೆ ರೆವಿನ್ಯೂ ಸ್ಟ್ಯಾಂಪ್. ಒಬ್ಬರಿಗೆ ಒಂದೇ ದಿನ ಹತ್ತು ಸಾವಿರಕ್ಕಿಂತ ಜಾಸ್ತಿ ನಗದು ಕೊಡಲೇಬಾರದು. ಇಂಥ ಸಣ್ಣ ಸಣ್ಣ ವಿಷಯ ಪಿಪಿಟಿಯಲ್ಲಿ ನಿಲ್ಲುವುದಿಲ್ಲ. ತಿಂಗಳಿಗೊಮ್ಮೆ ಪಕ್ಕದಲ್ಲಿ ಕೂತು ಫೈಲು ತಿರುವಿದರೆ ಮಾತ್ರ ಕೈಗೆ ಹತ್ತುತ್ತದೆ.

ಹಾಗೆ ಕೂತು ಕಲಿತವಳು ಒಬ್ಬಳಿದ್ದಳು. ಬಿ.ಕಾಂ. ಹುಡುಗಿ, ಮುತ್ತು ಪೋಣಿಸಿದಂಥ ಅಕ್ಷರ. ಬ್ಯಾಂಕಿನವರು ಅಧ್ಯಕ್ಷೆ, ಕಾರ್ಯದರ್ಶಿ ಇಬ್ಬರ ಸಹಿ ಇಲ್ಲ ಅಂತ ಚೆಕ್ ವಾಪಸ್ ಕೊಟ್ಟಾಗ, ನಮ್ಮ ಖಾತೆಯಲ್ಲಿ ಯಾರಾದರೂ ಇಬ್ಬರ ಸಹಿ ಸಾಕು ಅಂತ ಠರಾವಿನ ಪ್ರತಿ ತೋರಿಸಿ ಮ್ಯಾನೇಜರ್ ಬಾಯಿ ಮುಚ್ಚಿಸಿದ್ದಳು. ಅವಳಿಗೆ ಮದುವೆ ಗೊತ್ತಾಯಿತು. ವಯಸ್ಸು ಇಪ್ಪತ್ಮೂರು, ಅವಳೇ ಒಪ್ಪಿದ ಗಂಡು, ತಕರಾರು ಮಾಡುವಂಥದ್ದು ಏನೂ ಇಲ್ಲ. ಆದರೆ ಗಂಡನ ಮನೆ ಸೊಲ್ಲಾಪುರದ ಕಡೆ. ಅಕ್ಕಿಕಾಳು ಬಿದ್ದ ಮರುವಾರವೇ ಹೊರಟಳು. ಅವಳ ಜೊತೆಗೇ ಗುಂಪಿನ ಸಾಮರ್ಥ್ಯವೂ ಬಸ್ಸು ಹತ್ತಿತು. ಟ್ಯಾಲಿ ಪಾಸ್‌ವರ್ಡ್ ಅವಳ ಹತ್ತಿರ, ಆದಾಯ ತೆರಿಗೆ ಪೋರ್ಟಲ್‌ನ ಒಟಿಪಿ ಅವಳ ನಂಬರಿಗೆ, ಬ್ಯಾಂಕಿನ ಸಹಿ ಅವಳದ್ದು. ನಂಬರ್ ಬದಲಿಸಲು ಠರಾವು, ಠರಾವಿಗೆ ಸಭೆ, ಸಭೆಗೆ ಕೋರಂ. ಅಷ್ಟರಲ್ಲಿ ಅನುದಾನದ ಎರಡನೇ ಕಂತಿಗೆ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಕಳಿಸುವ ದಿನ ದಾಟಿತ್ತು.

ಯುವತಿಯರ ಸಂಘಟನೆಯಲ್ಲಿ ಇದು ಅಪರೂಪದ ಘಟನೆ ಅಲ್ಲ. ಅಲ್ಲಿನ ಲಯವೇ ಅದು. ಒಬ್ಬಳಿಗೆ ಮದುವೆ, ಇನ್ನೊಬ್ಬಳಿಗೆ ಬಿ.ಎಡ್. ಸೀಟು, ಮತ್ತೊಬ್ಬಳು ಬೆಂಗಳೂರಿನ ಗಾರ್ಮೆಂಟ್ಸ್‌ಗೆ. ಯುವಜನ ಅನ್ನುವ ಪದಕ್ಕೆ ವಯಸ್ಸಿನ ಮಿತಿ ಇದೆಯಲ್ಲ, ಆ ಗೆರೆ ದಾಟಿದವರು ಹೇಗೂ ನಾಯಕಿಯರಾಗಿ ಉಳಿಯುವಂತಿಲ್ಲ. ದೊಡ್ಡವರ ಸಂಸ್ಥೆಯಲ್ಲಿ ಒಬ್ಬ ಅಕೌಂಟೆಂಟ್ ಇಪ್ಪತ್ತು ವರ್ಷ ಕೂತಿರುತ್ತಾನೆ. ಇಲ್ಲಿ ಎರಡು ವರ್ಷ ಕೂತರೆ ಅದೇ ದೊಡ್ಡದು. ಅದಕ್ಕೇ ನಾನು ಹೇಳುವುದು: ಕಲಿಸುವುದಕ್ಕೆ ದುಡ್ಡು ಕೊಡುವವರು, ಒಬ್ಬರಿಂದ ಒಬ್ಬರಿಗೆ ದಾಟಿಸುವುದಕ್ಕೂ ಕೊಡಬೇಕು. ಹಳಬಳು, ಹೊಸಬಳು ಇಬ್ಬರೂ ಆರು ತಿಂಗಳು ಒಂದೇ ಟೇಬಲ್ಲಿನಲ್ಲಿ ಕೂರಬೇಕು, ಇಬ್ಬರಿಗೂ ಸಂಬಳ ಸಿಗಬೇಕು. ಒಂದೇ ಹುದ್ದೆಗೆ ಎರಡು ಸಂಬಳ ಅಂದರೆ ಆಡಿಟರ್ ಹುಬ್ಬೇರಿಸುತ್ತಾರೆ, ನಿಜ. ಬಜೆಟ್ ಹೆಡ್‌ಗೆ 'ಹಸ್ತಾಂತರ' ಅಂತಲೇ ಹೆಸರಿಡಿ, ಯಾರ ಹುಬ್ಬೂ ಏರುವುದಿಲ್ಲ.

ಸಂಬಳ ಕೊಟ್ಟರೆ ಸೇವಾ ಮನೋಭಾವ ಹೋಗುತ್ತದೆ ಅಂತ ಒಂದು ಸಭೆಯಲ್ಲಿ ಹಿರಿಯರೊಬ್ಬರು ಹೇಳಿದರು. ಅವರು ಸಭೆಗೆ ಬಂದಿದ್ದು ಸಂಸ್ಥೆಯ ಕಾರಿನಲ್ಲಿ. ಕ್ರಾಸಿಂಗ್ ಕೆಲಸದ ಕೂಲಿ ಬಿಟ್ಟು ಸಭೆಗೆ ಬಂದ ಹುಡುಗಿಗೆ ಅವತ್ತು ಮನೆಯಲ್ಲಿ ಬೈಗುಳ ಕಾದಿರುತ್ತದೆ. ತಿಂಗಳಿಗೆ ನಾಕು ಕಾಸು ತಂದುಕೊಟ್ಟರೆ ಅದೇ ಮನೆಯವರು "ಹೋಗಿ ಬಾರವ್ವ" ಅನ್ನುತ್ತಾರೆ. ಮದುವೆ ಮಾತು ಒಂದೆರಡು ವರ್ಷ ಮುಂದಕ್ಕೆ ಹೋಗಿದ್ದನ್ನೂ ನಾನು ನೋಡಿದ್ದೇನೆ. ಲಿಂಗ ನ್ಯಾಯಕ್ಕೆ ಖರ್ಚು ಮಾಡಿದ ದುಡ್ಡು ಅಂದರೆ ಅದೇ ಅಲ್ವಾ?

ಜಗತ್ತಿನಲ್ಲಿ ಇದನ್ನು ಅರ್ಥ ಮಾಡಿಕೊಂಡ ನಿಧಿಗಳು ಇಲ್ಲದಿಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಮಾಮಾ ಕ್ಯಾಶ್ 1983ರಿಂದ ಹೆಣ್ಣುಮಕ್ಕಳ ಸಂಘಟನೆಗಳಿಗೆ ದುಡ್ಡು ಕೊಡುತ್ತ ಬಂದಿದೆ. 2010ರಲ್ಲಿ ಶುರುವಾದ ಫ್ರಿಡಾ ಇರುವುದೇ ಯುವ ಸ್ತ್ರೀವಾದಿ ಗುಂಪುಗಳಿಗಾಗಿ. ಅಲ್ಲಿ ನನಗೆ ಹಿಡಿಸಿದ್ದು ಆಯ್ಕೆಯ ಕ್ರಮ. ಅರ್ಜಿ ಹಾಕಿದ ಗುಂಪುಗಳೇ ಬೇರೆ ಗುಂಪುಗಳ ಅರ್ಜಿ ಓದಿ ಮತ ಹಾಕುತ್ತವೆ. ದುಡ್ಡನ್ನು ಬಾಡಿಗೆಗೆ ಹಾಕಬೇಕೋ ಸಂಬಳಕ್ಕೋ ಅನ್ನುವುದನ್ನೂ ಗುಂಪಿಗೇ ಬಿಡುತ್ತಾರೆ.

ಆದರೆ ಆ ದುಡ್ಡು ಕುಷ್ಟಗಿಗೆ ಬರುವ ದಾರಿ ಇಕ್ಕಟ್ಟು. ವಿದೇಶಿ ದೇಣಿಗೆ ಬೇಕು ಅಂದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ನೋಂದಣಿ ಬೇಕು. ಅದಕ್ಕೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹದಿನೈದು ಲಕ್ಷ! ಈ ಗುಂಪಿನ ಡಬ್ಬಿಯಲ್ಲಿ ಹದಿನೈದು ಸಾವಿರ ಇದ್ದ ದಿನವೇ ಹಬ್ಬ. ಮೊದಲಾದರೆ ನೋಂದಣಿ ಇದ್ದ ದೊಡ್ಡ ಸಂಸ್ಥೆ ದುಡ್ಡು ತಂದು, ನೋಂದಣಿ ಇದ್ದ ಸಣ್ಣ ಸಂಸ್ಥೆಗೆ ಒಂದು ಪಾಲು ದಾಟಿಸುತ್ತಿತ್ತು. 2020ರ ತಿದ್ದುಪಡಿ ಅದನ್ನೂ ಮುಚ್ಚಿತು. ಈಗ ಎಫ್‌ಸಿಆರ್‌ಎ ಇರುವ ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣ ಕೊಡುವಂತಿಲ್ಲ. ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿದ್ದೂ ಅದೇ ತಿದ್ದುಪಡಿ. ಖಾತೆ ಮಾತ್ರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ತೆರೆಯಬೇಕು. ಬಾಡಿಗೆ, ಕರೆಂಟು, ಲೆಕ್ಕ ಬರೆಯುವವರ ಖರ್ಚು ಎಲ್ಲ ಆಡಳಿತ ವೆಚ್ಚದೊಳಗೇ ಬರುತ್ತದೆ. ಸಣ್ಣ ಸಂಸ್ಥೆಗೆ ಖರ್ಚು ಇರುವುದೇ ಅಲ್ಲಿ.

ಇಲ್ಲಿಯದೇ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡು? 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಲಿಂಗ ಸಮಾನತೆಯೂ ಇದೆ. ಆದರೆ ಅದಕ್ಕೂ ಆದಾಯ ತೆರಿಗೆಯವರ 12ಎ, 80ಜಿ ನೋಂದಣಿ, ಮೂರು ವರ್ಷದ ಅನುಭವ, ಸಿಎಸ್‌ಆರ್ ಹಣ ಪಡೆಯಲು ಹೆಸರು ನೋಂದಾಯಿಸುವ ಸಿಎಸ್‌ಆರ್-1 ಅರ್ಜಿ ಬೇಕು. ಅಷ್ಟೆಲ್ಲ ಆಗುವಷ್ಟರಲ್ಲಿ ಸ್ಥಾಪಕಿಯರು ಎರಡು ಮಕ್ಕಳ ತಾಯಂದಿರಾಗಿರುತ್ತಾರೆ.

ಕೊನೆಗೆ ಈ ಗುಂಪಿಗೆ ಸಿಕ್ಕಿದ್ದು ದೇಶದೊಳಗಿನದೇ ಒಂದು ಸಣ್ಣ ಅನುದಾನ. ಕೊಟ್ಟವರು ಷರತ್ತು ಜಾಸ್ತಿ ಹಾಕಲಿಲ್ಲ. ಹುಡುಗಿಯರೇ ಕೂತು ಪಟ್ಟಿ ಮಾಡಿದರು. ಮೊದಲ ಐಟಂ ನೋಡಿ ನಾನೇ ಕಣ್ಣರಳಿಸಿದೆ: ಬೀಗ ಇರುವ ಒಂದು ಅಲ್ಮೇರಾ. ಅಲ್ಲಿಯವರೆಗೆ ಫೈಲುಗಳು ಕಾರ್ಯದರ್ಶಿಯ ಮನೆಯ ಟ್ರಂಕಿನಲ್ಲಿದ್ದವು, ಅವಳ ಅಣ್ಣ ಸಿಟ್ಟು ಬಂದಾಗಲೆಲ್ಲ ಹೊರಗೆ ಎಸೆಯುತ್ತೇನೆ ಅನ್ನುತ್ತಿದ್ದನಂತೆ. ಎರಡನೆಯದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆ. ಅಲ್ಲಿ ಟಾಯ್ಲೆಟ್ ಇರಲೇಬೇಕು ಅಂತ ಅಡಿಗೆರೆ. ಮೂರನೆಯದು ಆಡಿಟ್ ಫೀಸು. ನಾಲ್ಕನೆಯದು ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್, ಎಲ್ಲ ಒಟಿಪಿಗಳೂ ಅದಕ್ಕೇ ಬರುವ ಹಾಗೆ. ಆಮೇಲೆ ಲೆಕ್ಕಕ್ಕೆ ಇಬ್ಬರು, ಅರ್ಧ ದಿನದ ಕೆಲಸ, ಇಬ್ಬರಿಗೂ ಸಮ ಸಂಬಳ. ತರಬೇತಿ ಅನ್ನುವುದು ಕೊನೆಯ ಸಾಲಿನಲ್ಲಿತ್ತು. ಅದೂ ಹಾಲ್‌ನಲ್ಲಿ ಬೇಡ, ಅಕ್ಕನೇ ಕೋಣೆಗೆ ಬಂದು ಕೂರಲಿ, ಬಂದು ಹೋಗುವ ಖರ್ಚು ಕೊಡುತ್ತೇವೆ ಅಂತ. ಶಕ್ತಿ ಯೋಜನೆ ನನಗೂ ಇದೆ ಮಾರಾಯ್ತಿ ಅಂದೆ. ಆ ಸಾಲಿಗೆ ಅಲ್ಲೇ ಗೀಟು ಹಾಕಿದರು!

ಈಗ ಪಕ್ಕದ ತಾಲ್ಲೂಕಿನ ಇನ್ನೊಂದು ಗುಂಪು ಫೋನ್ ಮಾಡುತ್ತಿದೆ. ನಾವೂ ರಿಜಿಸ್ಟರ್ ಮಾಡಿಸಬೇಕಾ ಅಂತ. ಅವರಿಗೆ ಹೇಳಿದ್ದೇನೆ, ಅವಸರ ಬೇಡ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಿಕ್ಕರೆ ನೋಂದಣಿ ಆಗುತ್ತದೆ, ಅದೇನು ಕಷ್ಟವಲ್ಲ. ಆಮೇಲೆ ಪ್ರತಿ ವರ್ಷ ಸಾಮಾನ್ಯ ಸಭೆ, ಆಡಿಟ್, ರಿಟರ್ನ್, ಪದಾಧಿಕಾರಿಗಳ ಪಟ್ಟಿ ಬೆನ್ನು ಹತ್ತುತ್ತವೆ. ಆ ಏಳರಲ್ಲಿ ಮೂರು ವರ್ಷದ ನಂತರ ಊರಲ್ಲಿ ಯಾರು ಇರುತ್ತೀರಿ ಅಂತ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ ಅಂದೆ. ಅಲ್ಲಿಯವರೆಗೆ ನಂಬಿಕೆಯ ಒಂದು ಸಂಸ್ಥೆಯ ಖಾತೆಯಲ್ಲಿ, ದೇಶದೊಳಗಿನ ದುಡ್ಡನ್ನು ಮಾತ್ರ, ಲಿಖಿತ ಒಪ್ಪಂದ ಮಾಡಿಕೊಂಡು ಇಡಬಹುದು. ದುಡ್ಡು ಯಾರ ತೀರ್ಮಾನದ ಮೇಲೆ ಖರ್ಚಾಗಬೇಕು, ಲೆಕ್ಕದ ಪ್ರತಿ ಯಾರ ಕೈಗೆ ಬರಬೇಕು ಅನ್ನುವ ಎರಡು ಸಾಲು ಒಪ್ಪಂದದಲ್ಲಿ ಇರಲೇಬೇಕು. ಕರಡು ಕಳಿಸಿದ್ದೇನೆ. ಮುಂದಿನ ವಾರ ಓದಿ ಹೇಳುತ್ತಾರಂತೆ.