ಎಕ್ಸ್‌ಕಾನ್‌ನಲ್ಲಿ ಪೈಲಿಂಗ್ ರಿಗ್ ನೋಡುವಾಗ ಕೇಳಬೇಕಾದದ್ದು

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ, ಮಾದಾವರದ ಬಳಿಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಎಕ್ಸ್‌ಕಾನ್, ನಿರ್ಮಾಣ ಯಂತ್ರಗಳ ಮಟ್ಟಿಗೆ ದಕ್ಷಿಣ ಏಷ್ಯಾದ ಅತಿ ದೊಡ್ಡ ಪ್ರದರ್ಶನವೆಂದು ಹೆಸರಾಗಿದೆ. ಭಾರತೀಯ ಕೈಗಾರಿಕಾ ಒಕ್ಕೂಟ 2000ದಲ್ಲಿ ಇದನ್ನು ಆರಂಭಿಸಿತು. ಕೋವಿಡ್ ಕಾರಣದಿಂದ 2021ರ ಪ್ರದರ್ಶನ 2022ರ ಮೇ ತಿಂಗಳಿಗೆ ಮುಂದೆ ಹೋದದ್ದು ನಮ್ಮ ವೃತ್ತಿಯವರಿಗೆಲ್ಲ ನೆನಪಿದೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ, ಎಂಟನೇ ಮೈಲಿಯಿಂದಾಚೆ ವಾಹನದಲ್ಲಿ ತೆವಳಿಕೊಂಡು ಹೋಗುವ ಕಷ್ಟ ತಪ್ಪಿದೆ. ಪೈಲಿಂಗ್, ಅಂದರೆ ನೆಲದಲ್ಲಿ ಆಳದ ರಂಧ್ರ ಕೊರೆದು ಕಾಂಕ್ರೀಟ್ ತುಂಬಿ ಅಡಿಪಾಯದ ಕಂಬ (ಪೈಲ್) ಕಟ್ಟುವ ಗುತ್ತಿಗೆಯ ಕೆಲಸಕ್ಕೆ ಸೈಟ್ ಎಂಜಿನಿಯರ್ ಆಗಿ ಸೇರಿ, ಈಗ ಆ ರಂಧ್ರ ಕೊರೆಯುವ ಯಂತ್ರಗಳಾದ ರಿಗ್‌ಗಳ ಖರೀದಿ ಮತ್ತು ಬಾಡಿಗೆಯ ವಿಷಯ ನೋಡಿಕೊಳ್ಳುವ ನಾನು, ಈ ಪ್ರದರ್ಶನದಿಂದ ಕೆಲಸಕ್ಕೆ ಬರುವ ಮಾಹಿತಿಯನ್ನು ಹೇಗೆ ಪಡೆಯಬಹುದೆಂಬುದನ್ನು, ಹೊಸದಾಗಿ ಈ ಕ್ಷೇತ್ರಕ್ಕೆ ಬಂದಿರುವ ಎಂಜಿನಿಯರುಗಳಿಗಾಗಿ ಬರೆಯುತ್ತಿದ್ದೇನೆ.

ಬಯಲಿನಲ್ಲಿ ಮಾಸ್ಟ್ (ಎತ್ತರದ ಉಕ್ಕಿನ ಕಂಬ) ಎತ್ತಿ ನಿಲ್ಲಿಸಿದ ಹೊಸ ರಿಗ್ ನೋಡಲು ಭವ್ಯವಾಗಿರುತ್ತದೆ. ಆದರೆ ಅದು ಅಲ್ಲಿ ಏನನ್ನೂ ಕೊರೆಯುತ್ತಿರುವುದಿಲ್ಲ. ಅದರ ಮುಂದೆ ನಿಂತು ಕೇಳುವ ಪ್ರಶ್ನೆಗೆ ತೂಕ ಬರಬೇಕಾದರೆ, ನಾವು ಕೆಲಸ ಮಾಡಲಿರುವ ನೆಲದ ಬೋರ್‌ಲಾಗ್, ಅಂದರೆ ಕೊರೆದು ನೋಡಿದಾಗ ಯಾವ ಆಳದಲ್ಲಿ ಯಾವ ಮಣ್ಣು, ಯಾವ ಕಲ್ಲು ಸಿಕ್ಕಿತೆಂಬ ದಾಖಲೆ, ಕೈಯಲ್ಲಿರಬೇಕು. ಹೀಗಾಗಿ ಮುಂದಿನ ಒಂದೆರಡು ವರ್ಷಗಳಲ್ಲಿ ಕೈಗೆತ್ತಿಕೊಳ್ಳುವ ಸಾಧ್ಯತೆಯಿರುವ ಸೈಟ್‌ಗಳ ಬೋರ್‌ಲಾಗ್‌ಗಳನ್ನು, ಕಲ್ಲಿನ ಒತ್ತಡ ಸಾಮರ್ಥ್ಯದ ಪರೀಕ್ಷಾ ಫಲಿತಾಂಶಗಳ ಸಮೇತ, ಜೊತೆಗೆ ಒಯ್ಯುವುದು ನಮ್ಮ ಕಚೇರಿಯ ರೂಢಿ. ಬೋರ್‌ಲಾಗ್ ಮೇಜಿನ ಮೇಲಿಟ್ಟ ಕೂಡಲೇ ಮಾರಾಟ ಪ್ರತಿನಿಧಿ ತಾನಾಗಿ ಹಿಂದೆ ಸರಿದು, ಸರ್ವಿಸ್ ಎಂಜಿನಿಯರನ್ನೋ ಅಪ್ಲಿಕೇಷನ್ ಎಂಜಿನಿಯರನ್ನೋ ಕರೆಯುತ್ತಾನೆ. ನಿಜವಾದ ಮಾತುಕತೆ ಆಗ ಶುರುವಾಗುತ್ತದೆ.

ಬೆಂಗಳೂರಿನ ನೆಲವನ್ನೇ ತೆಗೆದುಕೊಳ್ಳೋಣ. ಕೆಳಗಿರುವುದು ನೈಸ್ ಮತ್ತು ಗ್ರಾನೈಟ್ ಎಂಬ ಗಟ್ಟಿ ಕಲ್ಲು. ಲಾಲ್‌ಬಾಗ್‌ನ ಬಂಡೆಯ ಮೇಲೆ ನಿಂತವರೆಲ್ಲ ಅದನ್ನು ಕಂಡಿದ್ದಾರೆ. ಮೇಲಿನ ಕೆಂಪು ಮಣ್ಣಿಗೂ ತಳದ ಗಟ್ಟಿ ಬಂಡೆಗೂ ನಡುವೆ ಶಿಥಿಲಗೊಂಡ ಕಲ್ಲಿನ ಪದರವಿದ್ದು, ಅದರ ದಪ್ಪ ಒಂದೇ ನಿವೇಶನದ ಎರಡು ಮೂಲೆಗಳಲ್ಲಿ ಬೇರೆ ಬೇರೆಯಾಗಿರುತ್ತದೆ. ಆ ಪದರದೊಳಗೆ ಶಿಥಿಲವಾಗದೆ ಉಳಿದ ಗುಂಡುಬಂಡೆಗಳಿರುತ್ತವೆ. ರಿಗ್ ಅಂಥ ಗುಂಡಿನ ಮೇಲೆ ಕುಳಿತಾಗ ತಳಬಂಡೆ ಸಿಕ್ಕಿತೆಂದು ತೋರಿದರೂ, ಅದರ ಕೆಳಗೆ ಮತ್ತೆ ಮೆತ್ತನೆಯ ಮಣ್ಣಿರಬಹುದು. ಶಿಥಿಲವಾಗದ ಗ್ರಾನೈಟ್‌ನ ಸಾಮರ್ಥ್ಯ ಸಾಮಾನ್ಯವಾಗಿ 100 ಮೆಗಾಪ್ಯಾಸ್ಕಲ್‌ಗಿಂತ ಹೆಚ್ಚು. ಇದಕ್ಕೆ ಪ್ರತಿಯಾಗಿ, ಮಂಗಳೂರಿನ ಕಡೆಯ ಹಿನ್ನೀರಿನ ಜಾಗಗಳಲ್ಲಿ ಮೊದಲ ಸಮಸ್ಯೆ ಮೆದು ಜೇಡಿಯದು. ಅಲ್ಲಿ ಉದ್ದದ ಕೇಸಿಂಗ್ (ರಂಧ್ರದ ಗೋಡೆ ಕುಸಿಯದಂತೆ ತಡೆಯುವ ಉಕ್ಕಿನ ಕೊಳವೆ) ಇಳಿಸದೆ ರಂಧ್ರ ನಿಲ್ಲುವುದಿಲ್ಲ. ಆದ್ದರಿಂದ ಬೆಂಗಳೂರಿಗೆ ಕೊಳ್ಳುವವನು ಕಲ್ಲಿನಲ್ಲಿ ರಿಗ್ ಎಷ್ಟು ಒತ್ತಿ ಕೊರೆಯಬಲ್ಲದೆಂದು ಕೇಳಬೇಕು, ಮಂಗಳೂರಿಗೆ ಕೊಳ್ಳುವವನು ಕೇಸಿಂಗ್ ಇಳಿಸುವ ಮತ್ತು ಎಳೆಯುವ ಸಾಮರ್ಥ್ಯದ ಬಗ್ಗೆ ಕೇಳಬೇಕು.

ಕ್ಯಾಟಲಾಗ್‌ನಲ್ಲಿ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಮುದ್ರಿಸಿರುವುದು ಟಾರ್ಕ್, ಅಂದರೆ ಕೊರೆಯುವ ಉಪಕರಣವನ್ನು ತಿರುಗಿಸುವ ಬಲ. ಈ ಅಂಕಿಯ ಬಗ್ಗೆ ತುಸು ವಿವರವಾಗಿ ಹೇಳಬೇಕು. ಉದಾಹರಣೆಗೆ ಒಂದು ರಿಗ್‌ನ ಟಾರ್ಕ್ 240 ಕಿಲೋನ್ಯೂಟನ್ ಮೀಟರ್ ಎಂದಿದೆ ಎನ್ನೋಣ. ಅಷ್ಟು ಟಾರ್ಕನ್ನು ನಿಮಿಷಕ್ಕೆ 6 ಸುತ್ತಿನ ವೇಗದಲ್ಲಿ ಕೊಡಲು, ಉಪಕರಣವನ್ನು ತಿರುಗಿಸುವ ಭಾಗವಾದ ರೋಟರಿ ಹೆಡ್‌ಗೆ ಸುಮಾರು 150 ಕಿಲೋವಾಟ್ ಶಕ್ತಿ ಬೇಕು. 12 ಸುತ್ತಿಗೆ ಕೊಡಬೇಕೆಂದರೆ 300 ಕಿಲೋವಾಟ್. ಎಂಜಿನ್‌ನ ಒಟ್ಟು ಶಕ್ತಿ 200ರ ಆಸುಪಾಸಿನಲ್ಲಿದ್ದು, ಅದರಲ್ಲೇ ಪಂಪುಗಳ ನಷ್ಟ ಮತ್ತು ಕೂಲರ್‌ನ ಖರ್ಚೂ ಕಳೆಯಬೇಕಾದಾಗ, ಆ 240 ಎಂಬುದು ತೀರ ನಿಧಾನದ ಸುತ್ತಿನಲ್ಲಿ ಮಾತ್ರ ದೊರೆಯುವ ಗರಿಷ್ಠ ಎಂಬುದು ಕಾಗದದ ಮೇಲೆಯೇ ತಿಳಿಯುತ್ತದೆ. ಹಾಗಾಗಿ "ಗರಿಷ್ಠ ಟಾರ್ಕ್ ಎಷ್ಟು" ಎಂಬುದಕ್ಕಿಂತ "ಎಷ್ಟು ಸುತ್ತಿನಲ್ಲಿ ಎಷ್ಟು ಟಾರ್ಕ್" ಎಂಬ ನಕ್ಷೆಯನ್ನು ಕೇಳಿ ಪಡೆಯುವುದು ಒಳ್ಳೆಯದು. ಆ ನಕ್ಷೆ ಕೊಡಲು ಹಿಂಜರಿಯುವವರಿಂದ ಯಂತ್ರ ಕೊಳ್ಳುವ ಉತ್ಸಾಹ ನನಗೆ ಉಳಿಯುವುದಿಲ್ಲ.

ಗರಿಷ್ಠ ಆಳದ ಅಂಕಿಯೂ ಇಂಥದ್ದೇ. ರಿಗ್‌ನ ಆಳವನ್ನು ನಿರ್ಧರಿಸುವುದು ಕೆಲ್ಲಿ ಬಾರ್, ಅಂದರೆ ಒಂದರೊಳಗೊಂದು ಸೇರಿಕೊಳ್ಳುವ ಉಕ್ಕಿನ ಕೊಳವೆಗಳ ಕಂಬ. ಫ್ರಿಕ್ಷನ್ ಕೆಲ್ಲಿಯಲ್ಲಿ ಮೇಲಿನಿಂದ ಒತ್ತುವ ಬಲ ಕೊಳವೆಗಳ ನಡುವಿನ ಘರ್ಷಣೆಯ ಮೂಲಕವೇ ಕೆಳಗೆ ಹೋಗಬೇಕು. ಮಣ್ಣಿಗೆ ಅದು ಸಾಕು, ಆಳವೂ ಹೆಚ್ಚು ಸಿಗುತ್ತದೆ. ಇಂಟರ್‌ಲಾಕಿಂಗ್ ಕೆಲ್ಲಿಯಲ್ಲಿ ಕೊಳವೆಗಳು ಒಂದಕ್ಕೊಂದು ಬೀಗ ಬಿದ್ದಂತೆ ಕಚ್ಚಿಕೊಳ್ಳುವುದರಿಂದ ಒತ್ತುವ ಬಲ ನೇರವಾಗಿ ಕೊರೆಯುವ ಉಪಕರಣದ ಹಲ್ಲಿನ ಮೇಲೆ ಬೀಳುತ್ತದೆ. ಗಟ್ಟಿ ಕಲ್ಲಿಗೆ ಇದೇ ಬೇಕು, ಆದರೆ ತೂಕ ಹೆಚ್ಚು, ಆಳ ಕಡಿಮೆ. ಕ್ಯಾಟಲಾಗ್‌ನ ಮೊದಲ ಪುಟದಲ್ಲಿ ಸಾಮಾನ್ಯವಾಗಿ ಕಾಣುವುದು ಫ್ರಿಕ್ಷನ್ ಕೆಲ್ಲಿಯ ಆಳ. ಕಲ್ಲಿನಲ್ಲಿ ಸಾಕೆಟ್ (ಪೈಲ್‌ನ ಬುಡ ಕೂರುವ ಕುಳಿ) ಮಾಡಬೇಕಾದವನು ಇಂಟರ್‌ಲಾಕಿಂಗ್ ಕೆಲ್ಲಿಯೊಂದಿಗೆ ಆಳವೆಷ್ಟು, ಆ ಕೆಲ್ಲಿಯ ತೂಕವೆಷ್ಟು, ಕೆಲ್ಲಿ, ಉಪಕರಣ ಮತ್ತು ಅದರೊಳಗಿನ ಕಲ್ಲುಮಣ್ಣನ್ನೆಲ್ಲ ಎತ್ತಲು ಮುಖ್ಯ ವಿಂಚ್‌ಗೆ (ಹಗ್ಗ ಸುತ್ತಿ ಮೇಲೆತ್ತುವ ಯಂತ್ರಕ್ಕೆ) ಶಕ್ತಿ ಉಳಿಯುತ್ತದೆಯೇ ಎಂದು ಕೇಳಬೇಕು.

ಇದಕ್ಕಿಂತಲೂ ಕಡಿಮೆ ಜನ ಕೇಳುವ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಕ್ಯಾಬಿನ್ ಒಳಗಿನ ಪರದೆಗೆ ಸಂಬಂಧಿಸಿದ್ದು. ನಮ್ಮಲ್ಲಿ ಪೈಲ್‌ನ ರಂಧ್ರ ಕೊರೆಯುವುದನ್ನು ಎಷ್ಟು ಆಳದಲ್ಲಿ ನಿಲ್ಲಿಸಬೇಕೆಂಬ ತೀರ್ಮಾನಕ್ಕೆ ಪೈಲ್ ಪೆನಿಟ್ರೇಷನ್ ರೇಷಿಯೊ ಎಂಬ ಲೆಕ್ಕವನ್ನು ಬಹಳ ಕಡೆ ಬಳಸುತ್ತಾರೆ. ಟಾರ್ಕ್, ಸುತ್ತು ಮತ್ತು ಕೊರೆದ ಸಮಯದಿಂದ ವ್ಯಯವಾದ ಶಕ್ತಿಯನ್ನು ಕಂಡುಕೊಂಡು, ಅದನ್ನು ರಂಧ್ರದ ಅಡ್ಡಸೀಳಿನ ವಿಸ್ತೀರ್ಣದಿಂದಲೂ ಆ ಅವಧಿಯಲ್ಲಿ ಇಳಿದ ಆಳದಿಂದಲೂ ಭಾಗಿಸುವುದು ಇದರ ಕ್ರಮ. ಪರದೆಯ ಮೇಲಿನ ಟಾರ್ಕ್ ಅಂಕಿ ತಪ್ಪಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ. ಕಲ್ಲು ಇನ್ನೂ ಬಾರದಿರುವಾಗಲೇ ಬಂದಿದೆಯೆಂದೋ, ಬಂದು ಮೀಟರ್‌ಗಟ್ಟಲೆ ಕೊರೆದ ಮೇಲೂ ಬಂದಿಲ್ಲವೆಂದೋ ವರದಿಯಾಗುತ್ತದೆ. ಆ ಅಂಕಿ ಹೈಡ್ರಾಲಿಕ್ ಒತ್ತಡದಿಂದ ಹೇಗೆ ಲೆಕ್ಕವಾಗುತ್ತದೆ, ಅದನ್ನು ಯಾರು ಎಷ್ಟು ದಿನಕ್ಕೊಮ್ಮೆ ಕ್ಯಾಲಿಬ್ರೇಟ್ ಮಾಡಿಕೊಡುತ್ತಾರೆ, ಆಳ, ಟಾರ್ಕ್, ಒತ್ತುಬಲ ಮತ್ತು ಮಾಸ್ಟ್‌ನ ವಾಲಿಕೆಯ ದಾಖಲೆಯನ್ನು ನಾವೇ ತೆಗೆದುಕೊಂಡು ಕನ್ಸಲ್ಟೆಂಟ್‌ಗೆ ಸಲ್ಲಿಸಬಹುದೇ ಎಂಬುದನ್ನು ಅಲ್ಲೇ ಪರದೆ ಚಾಲೂ ಮಾಡಿಸಿ ನೋಡಬೇಕು. ಭಾರತೀಯ ಮಾನಕ 2911ರ ಪ್ರಕಾರ ನೇರ ಪೈಲ್‌ನ ವಾಲಿಕೆ ಶೇ 1.5ನ್ನು ಮೀರುವಂತಿಲ್ಲವಾದ್ದರಿಂದ, ವಾಲಿಕೆಯ ದಾಖಲೆ ಬಿಲ್ ಪಾಸಾಗುವ ಹೊತ್ತಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ದೊಡ್ಡ ರಿಗ್‌ಗಳ ಸುತ್ತ ಸೆಲ್ಫಿ ತೆಗೆಯುವವರ ಗುಂಪು ದಾಟಿ ಒಳಗಿನ ಹಾಲ್‌ಗಳಿಗೆ ಹೋದರೆ, ಕೊರೆಯುವ ಉಪಕರಣಗಳ ಸಣ್ಣ ಮಳಿಗೆಗಳು ಸಿಗುತ್ತವೆ. ಕೋರ್ ಬ್ಯಾರೆಲ್, ರಾಕ್ ಆಗರ್, ಬಕೆಟ್, ಬುಲೆಟ್ ಹಲ್ಲು, ರೋಲರ್ ಬಿಟ್, ವೈರ್ ರೋಪ್, ಸ್ವಿವೆಲ್ ಎಲ್ಲವೂ ಅಲ್ಲಿವೆ. ಕಲ್ಲಿನ ಸೈಟ್‌ನಲ್ಲಿ ರಿಗ್‌ನ ಕಂತಿನ ಜೊತೆಜೊತೆಗೆ ದಿನವೂ ಹಣ ನುಂಗುವುದು ಈ ಹಲ್ಲುಗಳೇ. ಇಲ್ಲಿಗೆ ನಮ್ಮ ಹಿರಿಯ ಆಪರೇಟರನ್ನು ತಪ್ಪದೆ ಕರೆದುಕೊಂಡು ಹೋಗುತ್ತೇನೆ. ಒಮ್ಮೆ ಮಳಿಗೆಯವರು ಟಂಗ್‌ಸ್ಟನ್ ಕಾರ್ಬೈಡ್‌ನ ಗುಣಮಟ್ಟದ ಬಗ್ಗೆ ವಿವರಿಸುತ್ತಿದ್ದಾಗ ನಮ್ಮ ಆಪರೇಟರ್ ಹೋಲ್ಡರ್‌ನಲ್ಲಿ (ಹಲ್ಲು ಕೂರುವ ಗೂಡಿನಲ್ಲಿ) ಕೂರಿಸಿದ್ದ ಹಲ್ಲನ್ನು ಬೆರಳಲ್ಲಿ ಹಿಡಿದು ತಿರುಗಿಸತೊಡಗಿದರು. "ಸರ್, ಇದು ಹೀಗೆ ಸಲೀಸಾಗಿ ತಿರುಗಬೇಕು. ತಿರುಗಲಿಲ್ಲ ಅಂದ್ರೆ ಕಲ್ಲಲ್ಲಿ ಬಾಳಲ್ಲ" ಎಂದರು. ಹಲ್ಲು ಕೊರೆಯುವಾಗ ತನ್ನ ಗೂಡಿನಲ್ಲಿ ತಿರುಗುತ್ತಿದ್ದರೆ ಸುತ್ತಲೂ ಸಮನಾಗಿ ಸವೆದು ಮೊನೆ ಉಳಿಯುತ್ತದೆ. ಗೂಡಿಗೆ ಕಲ್ಲುಪುಡಿ ತುಂಬಿ ಬಿಗಿದುಕೊಂಡರೆ ಒಂದೇ ಮಗ್ಗುಲು ಚಪ್ಪಟೆಯಾಗಿ ಕಾರ್ಬೈಡ್ ತುದಿ ಕಳಚುತ್ತದೆ. ಆಮೇಲೆ ಸವೆಯುವುದು ಹೋಲ್ಡರ್. ಹಲ್ಲು ಬದಲಿಸಲು ಸುತ್ತಿಗೆ ಸಾಕು, ಹೋಲ್ಡರ್ ಬದಲಿಸಲು ಗ್ಯಾಸ್ ಕಟರ್ ಮತ್ತು ಒಳ್ಳೆಯ ವೆಲ್ಡರ್ ಬೇಕು. ಆ ದಿನ ನಾವು ನಾಲ್ಕಾರು ಮಳಿಗೆಗಳ ಹಲ್ಲುಗಳ ಮಾದರಿ ತಂದು, ಒಂದೇ ಬ್ಯಾರೆಲ್‌ನಲ್ಲಿ ಬೇರೆ ಬೇರೆ ಬಣ್ಣ ಬಳಿದು ಕೂರಿಸಿ ಸವೆತ ಹೋಲಿಸಿ ನೋಡಿದೆವು. ಆಪರೇಟರ್‌ಗಳನ್ನು ಇಂಥ ಪ್ರದರ್ಶನಗಳಿಗೆ ಕಳಿಸುವುದು ದುಂದು ಎಂದುಕೊಳ್ಳುವ ಗುತ್ತಿಗೆದಾರರು ಇನ್ನೂ ಇದ್ದಾರೆ, ಅದು ಬೇರೆ ಮಾತು.

ವಿದ್ಯುತ್ ಚಾಲಿತ ರಿಗ್‌ಗಳ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಲೀಬ್‌ಹೆರ್ ಕಂಪನಿ 2019ರಲ್ಲಿ ಮ್ಯೂನಿಕ್‌ನ ಬೌಮಾ ಪ್ರದರ್ಶನದಲ್ಲಿ ಬ್ಯಾಟರಿಯಿಂದ ನಡೆಯುವ ಎಲ್‌ಬಿ 16 ರಿಗ್ ತೋರಿಸಿದ ಮೇಲೆ ಆ ದಿಕ್ಕು ಖಚಿತವಾಯಿತು. ನಗರದ ವಸತಿ ಬಡಾವಣೆಗಳಲ್ಲಿ ಇದರ ಉಪಯೋಗ ಸ್ಪಷ್ಟ: ಶಬ್ದಮಾಲಿನ್ಯ ನಿಯಮದ ಪ್ರಕಾರ ಅಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್‌ನ ಮಿತಿಯಿದೆ. ಆದರೆ ತಾತ್ಕಾಲಿಕ ವಿದ್ಯುತ್ ಸಂಪರ್ಕ ಸಿಗುವವರೆಗೆ ಡೀಸೆಲ್ ಜನರೇಟರ್ ಇಟ್ಟೇ ಅದನ್ನು ಚಾರ್ಜ್ ಮಾಡಬೇಕಾದ ಸೈಟ್‌ಗಳಲ್ಲಿ ಸದ್ಯಕ್ಕೆ ನಾನು ಇದರತ್ತ ಹಣ ಹಾಕುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೈಡ್ರಾಲಿಕ್ ಎಣ್ಣೆ ಕಾಯ್ದು ರಿಗ್ ನಿಲ್ಲಿಸುವ ಪರಿಸ್ಥಿತಿ ಬರದಂತೆ ಕೂಲರ್ ಇದೆಯೇ ಎಂಬುದು ನನಗೆ ಹೆಚ್ಚು ತುರ್ತಿನ ಪ್ರಶ್ನೆ.

ಕೊನೆಯದಾಗಿ ಮಾತಾಡಬೇಕಾದದ್ದು ಬಿಡಿಭಾಗಗಳ ಬಗ್ಗೆ. ಪ್ರದರ್ಶನದ ದಿನಗಳಲ್ಲಿ "ಎಲ್ಲವೂ ಸ್ಟಾಕ್‌ನಲ್ಲಿದೆ" ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ರೋಟರಿ ಹೆಡ್‌ನ ಸೀಲ್ ಕಿಟ್, ಮುಖ್ಯ ಪಂಪ್, ಕಂಟ್ರೋಲರ್ ಈ ಮೂರು ಯಾವ ಊರಿನ ಗೋದಾಮಿನಲ್ಲಿವೆ ಎಂದು ಹೆಸರು ಹಿಡಿದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳುವುದು ನಮ್ಮ ಪದ್ಧತಿ. ಆ ಇಮೇಲ್ ಬಂದ ಮೇಲೆ, ಅದೇ ಮಾದರಿಯ ರಿಗ್ ಓಡುತ್ತಿರುವ ಸೈಟ್‌ನ ವಿಳಾಸ ಪಡೆದು, ಪ್ರತಿನಿಧಿ ಜೊತೆಗಿಲ್ಲದೆ ಒಮ್ಮೆ ಅಲ್ಲಿಗೆ ಹೋಗಿ, ಮೆಕ್ಯಾನಿಕ್‌ನೊಂದಿಗೆ ಚಹಾ ಕುಡಿದು ಬಂದ ನಂತರವೇ ದರದ ಚೌಕಾಸಿಗೆ ಕೂರುತ್ತೇವೆ.