ಡೆಕ್ಸಾಮೆಥಾಸೋನ್ ಹಾಕುವ ಮುನ್ನ

ಹಾರ್ಮೋನು ಜೀನನ್ನು ಹೇಗೆ ಚಾಲೂ ಮಾಡುತ್ತದೆ ಎಂದು ತೋರಿಸಲು ಕಾರ್ಟಿಸಾಲ್ ಬಗೆಯ ಹಾರ್ಮೋನುಗಳನ್ನು ಹಿಡಿಯುವ ಪ್ರೋಟೀನಾದ ಗ್ಲೂಕೋಕಾರ್ಟಿಕಾಯ್ಡ್ ಗ್ರಾಹಕಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹಾರ್ಮೋನಿಲ್ಲದಾಗ ಅದು ಎಚ್‌ಎಸ್‌ಪಿ90 ಮುಂತಾದ ಪ್ರೋಟೀನುಗಳ ಜೊತೆ ಕೋಶದ್ರವ್ಯದಲ್ಲೇ ಕಾದಿರುತ್ತದೆ. ಕಾರ್ಟಿಸಾಲ್ ಅಥವಾ ಅದರ ಕೃತಕ ರೂಪವಾದ ಡೆಕ್ಸಾಮೆಥಾಸೋನ್ (ಡೆಕ್ಸ್) ಪೊರೆ ದಾಟಿ ಬಂದು ಕೂತರೆ ಗ್ರಾಹಕದ ಆಕಾರ ಬದಲಾಗಿ, ಅರ್ಧ ಗಂಟೆಯೊಳಗೆ ಬಹುಪಾಲು ನ್ಯೂಕ್ಲಿಯಸ್ ಸೇರಿಬಿಡುತ್ತದೆ. ಅಲ್ಲಿ ಅದಕ್ಕೆ ಬೇಕಾದದ್ದು ಡಿಎನ್‌ಎಯ 15 ಅಕ್ಷರಗಳ ತಾಣ: ಎಜಿಎಎಸಿಎ, ನಡುವೆ ಯಾವುದಾದರೂ ಮೂರು, ನಂತರ ಟಿಜಿಟಿಟಿಸಿಟಿ. ಇಂಥ ತಾಣಗಳು ಜೀನೋಮಿನಲ್ಲಿ ಬೇಕಾದಷ್ಟಿವೆ. ಆದರೆ ಆಯಾ ಕೋಶದಲ್ಲಿ ಕ್ರೊಮಾಟಿನ್ (ಪ್ರೋಟೀನುಗಳಿಗೆ ಸುತ್ತಿಕೊಂಡ ಡಿಎನ್‌ಎ) ಮೊದಲೇ ತೆರೆದಿರುವ ಕಡೆಯೇ ಗ್ರಾಹಕ ಹೆಚ್ಚಾಗಿ ಕೂರುವುದು. ಒಂದೇ ಹಾರ್ಮೋನಿಗೆ ಯಕೃತ್ತು ಒಂದು ಉತ್ತರ, ಶ್ವಾಸಕೋಶ ಇನ್ನೊಂದು ಉತ್ತರ ಕೊಡುವುದು ಇದರಿಂದಲೇ.

ಪುಸ್ತಕದಲ್ಲಿ ಇಷ್ಟು ಸಲೀಸು. ಲ್ಯಾಬಿನಲ್ಲಿ ಮಾತ್ರ 'ಡೆಕ್ಸ್ ಹಾಕಿದೆವು, ಏನೂ ಏರಲಿಲ್ಲ' ಎಂಬ ದೂರು ತಪ್ಪಿದ್ದಲ್ಲ. ಡೆಕ್ಸ್ ಕೆಟ್ಟಿರುವುದು ಅಪರೂಪ. ತೊಂದರೆ ಸಾಮಾನ್ಯವಾಗಿ ಡೆಕ್ಸ್ ಹಾಕದ ಬಾವಿಯಲ್ಲಿ (ಕೋಶ ಬೆಳೆಸುವ ಪ್ಲೇಟಿನ ಗುಳಿ), ಅಂದರೆ ಕಂಟ್ರೋಲಿನಲ್ಲಿ ಇರುತ್ತದೆ.

ಕೋಶ ಬೆಳೆಸುವ ಕರುವಿನ ಸೀರಮ್ಮಿನಲ್ಲಿ ಸ್ಟೀರಾಯ್ಡುಗಳು ಇದ್ದೇ ಇರುತ್ತವೆ, ಅದೂ ಒಂದೊಂದು ಲಾಟಿನಲ್ಲಿ ಒಂದೊಂದು ಪ್ರಮಾಣದಲ್ಲಿ. ಎ549 ಎಂಬ ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ, ಡೆಕ್ಸಿಗೆ ಏರುವ ಎಫ್‌ಕೆಬಿಪಿ5 ಜೀನಿನ ಆರ್‌ಎನ್‌ಎಯನ್ನು ಕ್ಯೂಪಿಸಿಆರ್‌ನಲ್ಲಿ ಅಳೆಯುತ್ತಿದ್ದೀರಿ ಅಂದುಕೊಳ್ಳಿ. ಕಂಟ್ರೋಲಿನ ಸಿಟಿ (ಸಂಕೇತ ಕಾಣಿಸುವ ಸೈಕಲ್ ಸಂಖ್ಯೆ; ಒಂದು ಸೈಕಲ್ ಕಡಿಮೆ ಎಂದರೆ ಆರ್‌ಎನ್‌ಎ ಎರಡು ಪಟ್ಟು) 27, ಡೆಕ್ಸಿನದು 23.7, ಹೋಲಿಕೆಗೆಂದು ಅಳೆಯುವ ರೆಫರೆನ್ಸ್ ಜೀನ್ ಎರಡರಲ್ಲೂ ಒಂದೇ. ವ್ಯತ್ಯಾಸ 3.3 ಸೈಕಲ್, ಅಂದರೆ ಸುಮಾರು 10 ಪಟ್ಟು ಏರಿಕೆ. ಸೀರಮ್ಮಿನ ಕಾರ್ಟಿಸಾಲ್ ಕಂಟ್ರೋಲನ್ನೇ 25ಕ್ಕೆ ತಂದು ಕೂರಿಸಿದ್ದರೆ? ಡೆಕ್ಸ್ ಅಷ್ಟೇ ಕೆಲಸ ಮಾಡಿದ್ದರೂ ಲೆಕ್ಕ ಎರಡೂವರೆ ಪಟ್ಟಿಗೆ ಇಳಿಯುತ್ತದೆ.

ಹಾಗಾಗಿ ಮೊದಲ ದಿನ 6 ಬಾವಿಯ ಪ್ಲೇಟಿನಲ್ಲಿ ಬಾವಿಗೆ ಸುಮಾರು 3 ಲಕ್ಷ ಕೋಶ ಬಿತ್ತಿ. ಮರುದಿನ ಪಿಬಿಎಸ್ ಉಪ್ಪುದ್ರಾವಣದಲ್ಲಿ ಎರಡು ಸಲ ತೊಳೆದು, ಇದ್ದಿಲಿನಿಂದ ಸ್ಟೀರಾಯ್ಡ್ ತೆಗೆದ 5% ಸೀರಮ್ ಇರುವ 2 ಮಿಲಿ ಮೀಡಿಯಂ ಹಾಕಿ 24 ಗಂಟೆ ಬಿಡಿ. ತೊಳೆಯುವುದನ್ನು ಬಿಟ್ಟರೆ ಹಳೆಯ ಸೀರಮ್ಮಿನ ಪಸೆ ಉಳಿಯುತ್ತದೆ. ಹಾಗೆಂದು ಇದೇ ಮೀಡಿಯಂನಲ್ಲಿ ವಾರಗಟ್ಟಲೆ ಇಡಬೇಡಿ. ಇದ್ದಿಲು ಸ್ಟೀರಾಯ್ಡಿನ ಜೊತೆ ಥೈರಾಯ್ಡ್ ಹಾರ್ಮೋನು, ಕೊಬ್ಬಿನಂಶಗಳನ್ನೂ ಎಳೆದುಕೊಂಡಿರುತ್ತದೆ, ಕೋಶಗಳು ಸೊರಗುತ್ತವೆ. (ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೋಜನ್ ನೋಡುವವರು ಫಿನಾಲ್ ರೆಡ್ ಇಲ್ಲದ ಮೀಡಿಯಂ ಬಳಸಲೇಬೇಕು. ಆ ಬಣ್ಣ ಈಸ್ಟ್ರೋಜನ್ನಿನ ಹಾಗೆ ವರ್ತಿಸುತ್ತದೆಂದು 1986ರಲ್ಲೇ ಗೊತ್ತಾಗಿದೆ, ಅದಕ್ಕೆ ಕಾರಣ ಬಣ್ಣದ ಜೊತೆ ಬರುವ ಕಲ್ಮಶವೆಂದು 1988ರಲ್ಲಿ ತಿಳಿಯಿತು.)

ಡೆಕ್ಸಿನ ಅಣುತೂಕ 392.5. 3.9 ಮಿಗ್ರಾಂ ಪುಡಿಯನ್ನು 1 ಮಿಲಿ ಎಥನಾಲಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್. ಅದನ್ನು ಎಥನಾಲಿನಲ್ಲೇ 100 ಪಟ್ಟು ತೆಳು ಮಾಡಿಕೊಂಡು, 2 ಮಿಲಿ ಮೀಡಿಯಂಗೆ 2 ಮೈಕ್ರೊಲೀಟರ್ ಹಾಕಿದರೆ 100 ನ್ಯಾನೊಮೋಲಾರ್ ಆಗುತ್ತದೆ, ಎಥನಾಲ್ 0.1%. ಗ್ರಾಹಕ ತುಂಬಲು ಇಷ್ಟು ಧಾರಾಳ. ಕಂಟ್ರೋಲಿಗೂ ಅಷ್ಟೇ ಎಥನಾಲ್ ಹೋಗಬೇಕು.

ಹೊಸ ಮೀಡಿಯಂನಲ್ಲಿ ಡೆಕ್ಸ್ ಕಲಸಿ ಬದಲಾಯಿಸುವುದು ಹಲವರ ರೂಢಿ, ನನಗೆ ಒಪ್ಪಿಗೆಯಿಲ್ಲ. ಪಿಇಆರ್1 ಡೆಕ್ಸಿಗೆ ಬೇಗ ಏಳುವ ಜೀನ್, ಆದರೆ ತಾಜಾ ಸೀರಮ್ ತಾಗಿದರೂ ಏಳುತ್ತದೆ. ಇರುವ ಮೀಡಿಯಂಗೇ ಹನಿ ಹಾಕಿ ಮೆಲ್ಲಗೆ ತಿರುಗಿಸಿ.

0, 1, 2, 4, 8 ಗಂಟೆಗೆ ಆರ್‌ಎನ್‌ಎ ತೆಗೆಯಿರಿ. ಮೊದಲ ಗಂಟೆಯಲ್ಲಿ ಎಫ್‌ಕೆಬಿಪಿ5 ಮಂಕಾಗಿ ಕಂಡರೆ ಗಾಬರಿ ಬೇಡ. ಆ ಜೀನ್ ಒಂದು ಲಕ್ಷ ಬೇಸಿಗಿಂತ ಉದ್ದ. ಆರ್‌ಎನ್‌ಎ ಬರೆಯುವ ಪಾಲಿಮರೇಸ್ ನಿಮಿಷಕ್ಕೆ ಎರಡು–ಮೂರು ಸಾವಿರ ಬೇಸ್ ಓಡಿದರೂ ತುದಿ ಮುಟ್ಟಲು ಅರ್ಧ ಗಂಟೆ ದಾಟುತ್ತದೆ, ಅದಾದ ಮೇಲೆ ಇಂಟ್ರಾನ್ (ಎಂ-ಆರ್‌ಎನ್‌ಎಯಲ್ಲಿ ಉಳಿಯದ ನಡುವಿನ ತುಂಡು) ಕತ್ತರಿಸುವ ಕೆಲಸ. ಆರಂಭವನ್ನೇ ಹಿಡಿಯಬೇಕೆಂದರೆ ಜೀನಿನ ಆರಂಭದ ಇಂಟ್ರಾನಿಗೆ ಪ್ರೈಮರ್ ಮಾಡಿಸಿ. ಆಗ ಜಿನೋಮಿಕ್ ಡಿಎನ್‌ಎ ಉಳಿದಿದ್ದರೆ ಅದೂ ಎಣಿಕೆಗೆ ಬರುವುದರಿಂದ ಡಿಎನ್‌ಎ ಒಡೆಯುವ ಡಿಎನ್‌ಏಸ್ ಉಪಚಾರ, ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಇಲ್ಲದ ಕಂಟ್ರೋಲ್ ಎರಡೂ ಕಡ್ಡಾಯ.

8ನೇ ಗಂಟೆಯಲ್ಲಿ ಏರಿದ ಜೀನನ್ನು ಗ್ರಾಹಕವೇ ಮುಟ್ಟಿತೋ, ಅಥವಾ ಗ್ರಾಹಕ ಎಬ್ಬಿಸಿದ ಬೇರೊಂದು ಪ್ರೋಟೀನು ಮುಟ್ಟಿತೋ? ಡೆಕ್ಸಿಗೆ ಅರ್ಧ ಗಂಟೆ ಮೊದಲು ಮಿಲಿಗೆ 10 ಮೈಕ್ರೊಗ್ರಾಂ ಸೈಕ್ಲೋಹೆಕ್ಸಿಮೈಡ್ ಹಾಕಿದರೆ ಹೊಸ ಪ್ರೋಟೀನು ತಯಾರಾಗುವುದು ನಿಲ್ಲುತ್ತದೆ. ಆಗಲೂ ಏರಿದರೆ ನೇರ ಗುರಿ ಎನ್ನಬಹುದು. ಆದರೆ ಬೇಗ ಸಾಯುವ ಎಂ-ಆರ್‌ಎನ್‌ಎಗಳು ಸೈಕ್ಲೋಹೆಕ್ಸಿಮೈಡ್ ಒಂದರಿಂದಲೇ ಏರಬಲ್ಲವು, ಅವನ್ನು ಒಡೆಯುವ ಪ್ರೋಟೀನುಗಳೂ ಮುಗಿದಿರುತ್ತವಲ್ಲ. ಅದಕ್ಕೇ ನಾಲ್ಕು ಬಾವಿ ಬೇಕು: ಎಥನಾಲ್, ಡೆಕ್ಸ್, ಸೈಕ್ಲೋಹೆಕ್ಸಿಮೈಡ್, ಎರಡೂ ಸೇರಿದ್ದು. ಈ ಬಾವಿಗಳನ್ನು 2–4 ಗಂಟೆಯೊಳಗೆ ಮುಗಿಸಿ. ಅದಕ್ಕಿಂತ ತಡವಾದರೆ ಕೋಶಗಳು ಸಾಯಲು ಹೊರಟಿರುತ್ತವೆ, ಅಂಕಿಗಳನ್ನು ನಂಬುವಂತಿರುವುದಿಲ್ಲ.